ಕಾರ್ನ್‌ಹಿಲ್‌ನ ಸೋಮವಾರ

ಲಂಡನ್ನಿನಲ್ಲಿ ಹೆಜ್ಜೆಯಿಟ್ಟಲ್ಲೆಲ್ಲ ಹಣ ಎಣಿಸಬೇಕೆಂಬುದು ಅಲ್ಲಿಗೆ ಹೋಗಿ ಬಂದವರೆಲ್ಲರ ಅನುಭವ. ಬ್ರಿಟಿಷ್ ಲೈಬ್ರರಿಯಲ್ಲಿರುವ ಹಳೆಯ ಕನ್ನಡ ಮುದ್ರಿತ ಗ್ರಂಥಗಳನ್ನು ನೋಡಲೆಂದು ಕಳೆದ ವರ್ಷ ಹೋಗಿದ್ದ ನನಗೂ ಅದೇ ಅನುಭವವಾಯಿತು. ಆದುದರಿಂದ, ಕಾರ್ನ್‌ಹಿಲ್ ಬೀದಿಯ ಸಂತ ಮೈಕಲರ ಇಗರ್ಜಿಯಲ್ಲಿ ಸೋಮವಾರ ಮಧ್ಯಾಹ್ನ ಒಂದು ಗಂಟೆಗೆ ಆರ್ಗನ್ ವಾದನವುಂಟು, ಪ್ರವೇಶ ಉಚಿತ ಎಂದು ತಿಳಿದಾಗ ನನ್ನನ್ನು ಅತ್ತ ಎಳೆದದ್ದು ಸಂಗೀತದ ಮೋಹಕ್ಕಿಂತ ಹೆಚ್ಚಾಗಿ ‘ಉಚಿತ’ ಎಂಬ ಶಬ್ದದ ಮೋಹವೇ.

ಅಂದು ಬೆಳಿಗ್ಗೆ ಊರಿನಿಂದ ತಮ್ಮನ ಕರೆ ಬಂದಿತ್ತು. ‘ಅಪ್ಪನ ಹಾರ್ಮೋನಿಯಂಗೆ ಗಿರಾಕಿ ಸಿಕ್ಕಿದ್ದಾನೆ. ತಿದಿ ಹರಿದಿದೆ, ಇಡಲು ಜಾಗವೂ ಇಲ್ಲ. ಕೊಟ್ಟುಬಿಡೋಣವೇ ಅಣ್ಣಾ?’ ಎಂದು ಕೇಳಿದ್ದ. ತಂದೆಯವರು ತೀರಿಕೊಂಡು ಎರಡು ವರ್ಷಗಳಾಗಿದ್ದವು. ‘ಕೊಟ್ಟುಬಿಡು’ ಎಂದಿದ್ದೆ.

ಬ್ಯಾಂಕುಗಳೂ ಕಚೇರಿಗಳೂ ಒತ್ತೊತ್ತಾಗಿ ನಿಂತಿರುವ ಬೀದಿ ಅದು. 1666ರ ಮಹಾ ಅಗ್ನಿಯಲ್ಲಿ ಬೆಂದುಹೋಗಿ ಮತ್ತೆ ಕಟ್ಟಲ್ಪಟ್ಟ ಈ ಇಗರ್ಜಿಗೆ 1684ರಲ್ಲಿ ರೆನಾಟಸ್ ಹ್ಯಾರಿಸ್ ಎಂಬ ಕುಶಲಕರ್ಮಿ ಆರ್ಗನ್ ನಿರ್ಮಿಸಿಕೊಟ್ಟನು. ಮುಂದೆ ಅದು ಹಲವು ಬಾರಿ ದುರಸ್ತಿಯನ್ನೂ ರೂಪಾಂತರವನ್ನೂ ಕಂಡಿತು. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದ 1916ರಲ್ಲಿ ಹೆರಾಲ್ಡ್ ಡಾರ್ಕ್ ಎಂಬ ಸಂಗೀತಗಾರರು ಸೋಮವಾರದ ಈ ವಾದನವನ್ನು ಆರಂಭಿಸಿದರು. 1966ರವರೆಗೆ, ಐವತ್ತು ವರ್ಷ, ಅವರೇ ಇಲ್ಲಿನ ಆರ್ಗನ್ ವಾದಕರಾಗಿದ್ದರು.

ಒಳಗೆ ಹೆಚ್ಚು ಜನರಿರಲಿಲ್ಲ. ಕಚೇರಿಯಿಂದ ಬಂದವರು ಕೆಲವರು, ಕೈಚೀಲ ಹಿಡಿದ ಮುದುಕಿಯರು ಕೆಲವರು. ಬಾಖ್‌ನ ಕೃತಿಯೊಂದು ಆರಂಭವಾಯಿತು. ಆರ್ಗನ್ ನುಡಿಸುವವರಿಗೆ ಎರಡು ಕೈಗಳು ಸಾಲವು. ತಗ್ಗಿನ ಸ್ವರಗಳನ್ನು ಪಾದಗಳಿಂದ ಒತ್ತಬೇಕು. ಆ ಸ್ವರ ಏಳುತ್ತಲೇ ನಾನು ಕುಳಿತಿದ್ದ ಮರದ ಪೀಠವೇ ಮೆಲ್ಲನೆ ನಡುಗಿತು.

ಸ್ವಲ್ಪ ಹೊತ್ತಿನಲ್ಲಿ ನನಗೊಂದು ಸಂಗತಿ ಹೊಳೆಯಿತು. ಇಷ್ಟೆತ್ತರದ ಕೊಳವೆಗಳ ಮೇಳವೂ, ನಮ್ಮ ಮನೆಯ ಆ ಪುಟ್ಟ ಪೆಟ್ಟಿಗೆಯೂ ದೂರದ ಬಂಧುಗಳೇ ಅಲ್ಲವೇ? ಇಲ್ಲಿ ಕೊಳವೆ, ಅಲ್ಲಿ ಲೋಹದ ನಾಲಗೆ. ಆದರೆ ಎರಡಕ್ಕೂ ಪ್ರಾಣ ಗಾಳಿಯೇ. ಆಂಜನೇಯನ ಗುಡಿಯಲ್ಲಿ ಶನಿವಾರದ ಭಜನೆಗೆ ತಂದೆಯವರು ಎಡಗೈಯಿಂದ ತಿದಿಯೊತ್ತುತ್ತ, ಯಾರಿಂದಲೂ ಒಂದು ಕಾಸನ್ನೂ ಪಡೆಯದೆ, ನನಗೆ ತಿಳಿದಂತೆ ಮೂವತ್ತು ವರ್ಷ ನುಡಿಸಿದ್ದರು. ಅದೂ ಉಚಿತವೇ ಆಗಿತ್ತು. ಅದಕ್ಕಾಗಿ ಗುಡಿಗೆ ಹೋಗಿ ಕುಳಿತುಕೊಳ್ಳಬೇಕೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ.

ವಾದನ ಮುಗಿಯಿತು. ಬಾಗಿಲಲ್ಲಿದ್ದ ತಟ್ಟೆಗೆ ನನ್ನ ಊಟದ ಹಣವನ್ನು ಹಾಕಿ ಹೊರಗೆ ಬಂದೆ. ಊರಿನಲ್ಲಿ ಆಗ ಸಂಜೆ. ತಮ್ಮನಿಗೆ ಫೋನ್ ಮಾಡಿ, ‘ಕೊಡಬೇಡ ಕಣೋ’ ಎಂದೆ. ಅವನು ಕ್ಷಣಕಾಲ ಸುಮ್ಮನಿದ್ದು, ‘ನನಗೂ ಮನಸ್ಸಿರಲಿಲ್ಲ’ ಎಂದ.

ಈಗ ತಿದಿಯನ್ನು ಸರಿಮಾಡಿಸಿದ್ದೇವೆ. ಮನೆಯಲ್ಲಿ ನುಡಿಸಬಲ್ಲವರು ಯಾರೂ ಇಲ್ಲ. ಆದರೂ ಮಗಳು ಸುಮ್ಮನೆ ಒಂದು ಮನೆಯನ್ನೊತ್ತಿ ತಿದಿಯೆಳೆದಾಗ, ನಾವಿಬ್ಬರು ಅಣ್ಣತಮ್ಮಂದಿರೂ ಮಾತು ನಿಲ್ಲಿಸಿ ಕೇಳುತ್ತೇವೆ.