ಗೆದ್ದ ಕೇಸು, ಕಳೆದುಹೋದ ವರ್ಷಗಳು

ಸರ್ಕಾರವೇ ಕೇಸು ಹಾಕಿದರೆ ನಮ್ಮಂಥವರ ಹಕ್ಕು ನಿಲ್ಲುತ್ತದೆಯೇ? ಸುದ್ದಿಗೆಂದು ಹೋದ ಊರುಗಳಲ್ಲಿ ಜನ ನಮ್ಮನ್ನು ಹೀಗೆ ಕೇಳುತ್ತಾರೆ. ಆಗ ನಮಗೆ ನೆನಪಾಗುವುದು ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ವಿಠಲ ಮಲೆಕುಡಿಯ.

2012ರ ಮಾರ್ಚ್. ವಿಠಲ ಆಗ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿ. ನಕ್ಸಲರ ನಂಟಿದೆ ಎಂದು ಪೊಲೀಸರು ಅವರನ್ನೂ ಅವರ ತಂದೆಯನ್ನೂ ಬಂಧಿಸಿದರು. ರಾಜದ್ರೋಹ, ಯುಎಪಿಎ ಎರಡೂ ಬಿದ್ದವು. ಸಾಕ್ಷ್ಯ ಎಂದು ಹಿಡಿದದ್ದರಲ್ಲಿ ಭಗತ್ ಸಿಂಗ್ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು, ಊರಿಗೆ ಸೌಕರ್ಯ ಸಿಗುವ ತನಕ ಚುನಾವಣೆ ಬಹಿಷ್ಕರಿಸಬೇಕು ಎಂಬ ಪತ್ರವಿತ್ತು. ಪರೀಕ್ಷೆ ಬರೆಯಲು ಅವರನ್ನು ಕೈಕೋಳ ಹಾಕಿಯೇ ಕರೆತಂದರು. ತಕ್ಕ ಕಾರಣವಿಲ್ಲದೆ ಕೈಕೋಳ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿತ್ತು.

ಅವರದು ನಮ್ಮದೇ ವಯಸ್ಸು, ನಮ್ಮದೇ ಓದು. ನಮ್ಮ ಚೀಲ ತೆಗೆದು ನೋಡಿದರೂ ಸಿಗುವುದು ಇಂಥವೇ ತುಣುಕುಗಳು. 'ರಸ್ತೆ ಇಲ್ಲ, ವೋಟೂ ಇಲ್ಲ' ಎಂಬ ಬ್ಯಾನರಿನ ಫೋಟೊ ಪ್ರತಿ ಚುನಾವಣೆಗೂ ನಾವು ಕಳಿಸುತ್ತೇವೆ.

2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಕೋರ್ಟು ಅಪ್ಪ, ಮಗ ಇಬ್ಬರನ್ನೂ ಖುಲಾಸೆ ಮಾಡಿತು. ಭಗತ್ ಸಿಂಗ್ ಪುಸ್ತಕ ಇಟ್ಟುಕೊಳ್ಳುವುದು, ಪತ್ರಿಕೆ ಓದುವುದು ಅಪರಾಧವಲ್ಲ, ಪತ್ರದಲ್ಲಿರುವುದು ಊರವರ ಬೇಡಿಕೆ ಎಂದಿತು. ಅಷ್ಟರಲ್ಲಿ ಒಂಬತ್ತೂವರೆ ವರ್ಷ ಕಳೆದಿತ್ತು. ಕೇಸು ನಡೆಯುತ್ತಿರುವಾಗಲೇ ವಿಠಲ ಪತ್ರಕರ್ತರಾದರು.

ಹಾಗಾದರೆ ಹಕ್ಕು ನಿಂತಿತೇ? ಕೊನೆಗೆ ನಿಂತಿತು. ಆದರೆ ಆ ವರ್ಷಗಳನ್ನು ಯಾರೂ ತಿರುಗಿ ಕೊಡಲಿಲ್ಲ. ತಪ್ಪು ಕೇಸಿನಲ್ಲಿ ಸಿಕ್ಕಿಬಿದ್ದವರಿಗೆ ಪರಿಹಾರ ಕೊಡಲು ಕಾನೂನು ಬೇಕು ಎಂದು ಕಾನೂನು ಆಯೋಗ 2018ರಲ್ಲಿ ತನ್ನ 277ನೇ ವರದಿಯಲ್ಲಿ ಹೇಳಿದೆ. ಅದಿನ್ನೂ ಕಾಗದದಲ್ಲೇ ಇದೆ. ಯುಎಪಿಎ ಕೇಸಾದರೆ ಜಾಮೀನೂ ಸುಲಭವಲ್ಲ. ಆರೋಪ ಮೇಲ್ನೋಟಕ್ಕೆ ನಿಜ ಎಂದು ಜಡ್ಜಿಗೆ ಅನಿಸಿದರೆ ಜಾಮೀನಿಲ್ಲ. ಚಾರ್ಜ್‌ಶೀಟ್ ಹಾಕಲು ಪೊಲೀಸರಿಗೆ 180 ದಿನದವರೆಗೂ ಅವಕಾಶ ಸಿಗಬಹುದು. ಬೇರೆ ಕೇಸುಗಳಲ್ಲಿ ಇದು 60 ಅಥವಾ 90 ದಿನ. ಅದು ಮೀರಿದರೆ ಜಾಮೀನು ಕೇಳುವುದು ನಿಮ್ಮ ಹಕ್ಕು.

ಆದ್ದರಿಂದ ಹಕ್ಕನ್ನು ಮೊದಲ ದಿನವೇ ಕೇಳಬೇಕು. ಬಂಧಿಸಿದರೆ ಕಾರಣ ಹೇಳಲೇಬೇಕು, ಮನೆಯವರಿಗೆ ತಿಳಿಸಬೇಕು. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಬೇಕೆಂದು ಒತ್ತಾಯಿಸುವಂತಿಲ್ಲ. ಮ್ಯಾಜಿಸ್ಟ್ರೇಟರು 'ಹೊಡೆದರಾ?' ಎಂದು ಕೇಳಿದಾಗ ಹೆದರಿ ಸುಮ್ಮನಿರಬೇಡಿ, ಆದದ್ದನ್ನು ಹೇಳಿ.

ವಕೀಲರಿಗೆ ದುಡ್ಡಿಲ್ಲದಿದ್ದರೆ ತಾಲ್ಲೂಕು ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ. ಸಹಾಯವಾಣಿ 15100. ಈ ನಂಬರನ್ನು ನಿಮ್ಮ ಫೋನಿನಲ್ಲಷ್ಟೇ ಅಲ್ಲ, ಮನೆಯವರ ಫೋನಿನಲ್ಲೂ ಸೇವ್ ಮಾಡಿಡಿ. ಠಾಣೆಯೊಳಗೆ ನಿಮ್ಮ ಫೋನು ನಿಮ್ಮ ಕೈಯಲ್ಲಿರುವುದಿಲ್ಲ.