ಅರ್ಧ ಕಿಲೋವಿನ ಜಿಜ್ಞಾಸೆ

ನಂದಿಬೆಟ್ಟದ ಬುಡದ ಕಾಫಿ ಹೋಟೆಲಿಗೆ ಭಾನುವಾರ ಬೆಳಗ್ಗೆ ಎಂಟು ಗಂಟೆಯ ವೇಳೆಗೆ ಯಾರಾದರೂ ಹೋದರೆ, ಮೈಗಂಟಿದ ಬಣ್ಣದ ಜರ್ಸಿಗಳನ್ನು ತೊಟ್ಟು, ಕ್ಲೀಟು ಕೂಡಿಸಿದ ಜೋಡುಗಳಿಂದ ಗಾರೆಯ ನೆಲದ ಮೇಲೆ ಟಕಟಕನೆ ಸದ್ದುಮಾಡುತ್ತ ಓಡಾಡುವ, ಗೋಡೆಗೆ ಒರಗಿಸಿದ ತಂತಮ್ಮ ಬೈಸಿಕಲ್ಲುಗಳಿಂದ ಕ್ಷಣಮಾತ್ರವೂ ಕಣ್ಣು ಕೀಳದೆ ಇಡ್ಲಿಯನ್ನು ಮುರಿದು ಬಾಯಿಗಿಡುವ ಒಂದು ಮಂಡಲಿಯನ್ನು ಕಾಣುವರು. ಬ್ಯಾಂಕಿನ ಅಧಿಕಾರಿ, ದಂತವೈದ್ಯ, ಸಾಫ್ಟ್‌ವೇರ್ ಇಂಜಿನಿಯರು, ನಿವೃತ್ತರಾದ ಭೌತಶಾಸ್ತ್ರದ ಮೇಷ್ಟರು, ಹೀಗೆ ಬೇರೆ ಯಾವ ಕಾರಣದಿಂದಲೂ ಒಂದು ಮೇಜಿನ ಸುತ್ತ ಕೂಡಲಾರದವರು ಅಲ್ಲಿ ಕೂಡಿರುತ್ತಾರೆ. ಅವರಲ್ಲಿ ನಾನೂ ಒಬ್ಬ. ನಸುಕಿಗೆ ಮುಂಚೆಯೇ ಬೆಂಗಳೂರನ್ನು ಬಿಟ್ಟು, ಬಳ್ಳಾರಿ ರಸ್ತೆಯಲ್ಲಿ ಲಾರಿಗಳ ಮಗ್ಗುಲಲ್ಲಿ ಸಾಗಿ, ದೇವನಹಳ್ಳಿಯನ್ನು ದಾಟಿ, ಬೆಟ್ಟವನ್ನು ಹತ್ತಿ ಇಳಿದು ಬಂದವರಾದುದರಿಂದ, ಇವರು ಮಂಜಿನ ವಿಷಯವನ್ನೋ ಅರುಣೋದಯದ ವಿಷಯವನ್ನೋ, ಅದೂ ಇಲ್ಲದಿದ್ದರೆ ಭೋಗನಂದೀಶ್ವರನ ದೇಗುಲದ ಶಿಲ್ಪದ ವಿಷಯವನ್ನೋ ಆಡಿಕೊಳ್ಳುತ್ತಿರಬಹುದೆಂದು ಊಹಿಸಿದವನು ನಿರಾಶನಾಗುವನು. ಅಲ್ಲಿ ನಡೆಯುವ ಚರ್ಚೆಯೆಲ್ಲ ಹಿಂಬದಿಯ ಹಲ್ಲುಗಾಲಿಗಳ ಗೊಂಚಲಾದ ಕ್ಯಾಸೆಟ್ಟಿನಲ್ಲಿ ಎಷ್ಟು ಹಲ್ಲಿರಬೇಕು, ಚಕ್ರದ ರಿಮ್ಮು ಕಾರ್ಬನ್ನಿನದಾದರೆ ಎಷ್ಟು ಗ್ರಾಮು ಉಳಿಯುವುದು, ಉಳಿದ ಆ ಗ್ರಾಮಿಗೆ ತೆತ್ತ ಹಣ ನ್ಯಾಯವೋ ಅನ್ಯಾಯವೋ ಎಂಬುದರ ಸುತ್ತಲೇ. ಈ ಜಿಜ್ಞಾಸೆ ತೀರ್ಮಾನಗೊಂಡುದನ್ನು ನಾನು ಕಂಡಿಲ್ಲ. ತೀರ್ಮಾನವಾಗಲೆಂದು ಯಾರೂ ಹಾರೈಸಿದುದನ್ನೂ ಕಂಡಿಲ್ಲ.

ಹೊರಗಿನವರಿಗೆ ಇದು ಬರಿಯ ಬಡಾಯಿಯಾಗಿ ತೋರೀತು. ಏರುದಾರಿಯ ಸ್ವಭಾವವನ್ನು ಬಲ್ಲವರಿಗೆ ಇದರ ಮೂಲ ತಿಳಿಯುವುದು ಕಷ್ಟವಲ್ಲ. ಸಮತಲದಲ್ಲಿ ಗಂಟೆಗೆ 30 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಹೋಗುವ ಸವಾರನ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳುವುದರಲ್ಲಿ ವ್ಯಯವಾಗುವುದು. ಅಲ್ಲಿ ಮುಂದಿನವನ ಬೆನ್ನ ಮರೆಯಲ್ಲಿ ಅಡಗಿ ಹೋಗುವ ಜಾಣತನಕ್ಕೆ ಅವಕಾಶವಿದೆ. ಬೆಟ್ಟದ ಬುಡದಲ್ಲಿ ರಸ್ತೆ ತಲೆಯೆತ್ತಿ, ವೇಗ 12ಕ್ಕೆ ಇಳಿದೊಡನೆ ಗಾಳಿಯ ವ್ಯಾಜ್ಯ ಮುಗಿಯಿತು; ಉಳಿಯುವುದು ಭೂಮಿಯ ಆಕರ್ಷಣೆಯೊಂದೇ. ಅದು ಸವಾರನ ದೇಹವನ್ನೂ ಬೈಸಿಕಲ್ಲನ್ನೂ ಬಾಟಲಿಯ ನೀರನ್ನೂ ಜೇಬಿನ ಬಾಳೆಹಣ್ಣನ್ನೂ ಕೂಡಿಸಿ ಲೆಕ್ಕ ಹಾಕುತ್ತದೆ, ಯಾವುದಕ್ಕೂ ರಿಯಾಯತಿ ಕೊಡುವುದಿಲ್ಲ. ಗ್ರಾಮುಗಳ ಮೇಲಿನ ಮೋಹ ಹುಟ್ಟುವುದು ಇಲ್ಲಿಯೇ.

ನಂದಿಬೆಟ್ಟದ ಶಿಖರ ಸಮುದ್ರಮಟ್ಟದಿಂದ 1478 ಮೀಟರು. ಟೀಪುವಿನ ಬೇಸಿಗೆಯ ಅರಮನೆ, ಮಾರ್ಕ್ ಕಬ್ಬನ್ನನ ಬಂಗಲೆ, 1927ರಲ್ಲಿಯೂ 1936ರಲ್ಲಿಯೂ ಆರೋಗ್ಯಾರ್ಥವಾಗಿ ಗಾಂಧೀಜಿ ಬಂದು ತಂಗಿದುದು, ಇವೆಲ್ಲ ಪ್ರವಾಸಿಗರಿಗೆ ಪರಿಚಿತವಾದ ಸಂಗತಿಗಳು. ಸೈಕಲ್ ಸವಾರನಿಗೆ ಮಾತ್ರ ಈ ಬೆಟ್ಟವೆಂದರೆ ಸುಮಾರು ಎಂಟು ಕಿಲೋಮೀಟರ್ ಉದ್ದದ, ಸುಮಾರು ನಲವತ್ತು ತಿರುವುಗಳ, ನೂರು ಮೀಟರಿಗೆ ಸರಾಸರಿ ಐದಾರು ಮೀಟರು ಏರುವ ಒಂದು ದಾರಿ, ಅಷ್ಟೇ. ಆ ದಾರಿಯ ಸುಖವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮೊದಲ ಒಂದೆರಡು ಕಿಲೋಮೀಟರಿನಲ್ಲಿ ದೇಹ ತಕರಾರು ಎತ್ತುವುದುಂಟು. ತೊಡೆಗಳು ಭಾರವಾಗಿ, ಉಸಿರು ಒಂದು ಕಡೆಗೂ ಪೆಡಲು ಇನ್ನೊಂದು ಕಡೆಗೂ ಎಳೆದು, ಈ ಸಾಹಸಕ್ಕೆ ಕೈಹಾಕಿದ ಬುದ್ಧಿಯನ್ನು ಮನಸ್ಸು ನಿಂದಿಸತೊಡಗುತ್ತದೆ. ಅನಂತರ, ಯಾವ ತಿರುವಿನಲ್ಲಿ ಎಂದು ಹೇಳಲಾಗದಂತೆ, ಉಸಿರೂ ಪೆಡಲೂ ಒಂದೇ ತಾಳಕ್ಕೆ ಬಂದು ಕೂಡುತ್ತವೆ; ಚೈನಿನ ಸಣ್ಣ ಸರಸರ ಸದ್ದೊಂದನ್ನು ಬಿಟ್ಟರೆ ಲೋಕ ನಿಶ್ಶಬ್ದವಾಗಿರುತ್ತದೆ; ನೀಲಗಿರಿ ಮರಗಳ ವಾಸನೆ ಮೂಗಿಗೆ ಬರುವಷ್ಟು, ಬಂಡೆಯ ಮೇಲಣ ಪಾಚಿ ಕಣ್ಣಿಗೆ ಕಾಣುವಷ್ಟು ನಿಧಾನವಾಗಿ ಬೆಟ್ಟ ಪಕ್ಕದಲ್ಲಿ ಸರಿಯುತ್ತದೆ. ಕಟ್ಟೆಯ ಮೇಲೆ ಕುಳಿತ ಕೋತಿಗಳು ಸವಾರನ ಬೆನ್ನ ಜೇಬಿನ ಬಾಳೆಹಣ್ಣನ್ನು ಆತನ ಮುಖಕ್ಕಿಂತ ಹೆಚ್ಚು ಆಸಕ್ತಿಯಿಂದ ನೋಡುತ್ತವೆ. ಅವುಗಳೆದುರಿಗೆ ನಾವು ಎಷ್ಟು ಮಂದಗತಿಯವರೆಂಬುದು ನಮಗಿಂತ ಅವಕ್ಕೇ ಚೆನ್ನಾಗಿ ಗೊತ್ತು.

ತಿರುವುಗಳಲ್ಲಿಯೂ ಒಂದು ವಿದ್ಯೆಯುಂಟು. ನಮ್ಮ ರಸ್ತೆಗಳಲ್ಲಿ ಎಡಗಡೆಯಿಂದ ಹೋಗುವ ನಿಯಮವಾದುದರಿಂದ, ಎಡಕ್ಕೆ ಹೊರಳುವ ಹೇರ್‌ಪಿನ್ ತಿರುವಿನಲ್ಲಿ ಸವಾರನು ಒಳ ಅಂಚಿಗೆ ಸಿಕ್ಕಿಬೀಳುತ್ತಾನೆ. ಅಲ್ಲಿ ದಾರಿ ಗಿಡ್ಡವಾದರೂ ಗೋಡೆಯಂತೆ ಕಡಿದು. ಬಲಕ್ಕೆ ಹೊರಳುವ ತಿರುವಿನಲ್ಲಿ ಹೊರ ಅಂಚು ಆತನ ಪಾಲಿಗೆ ಬರುತ್ತದೆ. ದಾರಿ ಉದ್ದವಾದರೂ ಏರು ಸೌಮ್ಯ. ಆದುದರಿಂದ ಅನುಭವಿಯಾದವನು ಎಡತಿರುವಿಗೆ ಮುಂಚೆ ಗೇರನ್ನು ಇಳಿಸಿ ಸಿದ್ಧನಾಗಿ, ಬಲತಿರುವಿನಲ್ಲಿ ಒಂದೆರಡು ಉಸಿರನ್ನು ಸಾಲವಾಗಿ ಪಡೆದು, ಮತ್ತೆ ಮುಂದಿನ ಎಡತಿರುವಿನಲ್ಲಿ ಆ ಸಾಲವನ್ನು ತೀರಿಸುತ್ತಾನೆ. ಲಕ್ಷಗಟ್ಟಲೆ ತೆತ್ತರೂ ಅಂಗಡಿಯಲ್ಲಿ ಸಿಗದ ಸಾಮಾನು ಇದೊಂದೇ ಇರಬೇಕು.

ಅಂಗಡಿಯಲ್ಲಿ ಸಿಗುವ ಸಾಮಾನುಗಳಲ್ಲಿ ಶ್ರೇಣಿಭೇದ ಬಹು ಕಟ್ಟುನಿಟ್ಟು. ಜಪಾನಿನ ಸಕಾಯ್ ಪಟ್ಟಣದಲ್ಲಿ, ಕತ್ತಿ ಚೂರಿಗಳ ಕಮ್ಮಾರಿಕೆಗೆ ಹೆಸರಾದ ಊರಿನಲ್ಲಿ, 1921ರಲ್ಲಿ ಆರಂಭವಾದ ಶಿಮಾನೋ ಕಾರ್ಖಾನೆ ಮೊದಲು ಮಾಡಿದುದು ಫ್ರೀವೀಲು. ಅದೇ ಸಂಸ್ಥೆ ಮುಂದೆ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ಡ್ಯೂರಾ-ಏಸ್ ಎಂಬ ಗೇರುಗಳ ಸೋಪಾನಪಂಕ್ತಿಯನ್ನು ಕಟ್ಟಿ ನಿಲ್ಲಿಸಿತು; ಯಾರು ಯಾವ ಮೆಟ್ಟಿಲಿನವರೆಂಬುದನ್ನು ಹೋಟೆಲಿನ ಗೋಡೆಗೆ ಒರಗಿದ ಬೈಸಿಕಲ್ಲಿನ, ಚೈನನ್ನು ಹಲ್ಲುಗಾಲಿಯಿಂದ ಹಲ್ಲುಗಾಲಿಗೆ ದಾಟಿಸುವ ಡಿರೇಲರನ್ನು ನೋಡಿಯೇ ಹೇಳಬಲ್ಲವರು ನಮ್ಮ ಮಂಡಲಿಯಲ್ಲಿದ್ದಾರೆ. ಇಟಲಿಯ ಕಾಂಪಾನ್ಯೋಲೋ ಭಕ್ತರದು ಪ್ರತ್ಯೇಕ ಪಂಥ. 1927ರಲ್ಲಿ ಕ್ರೋಚೆ ದೌನೆ ಎಂಬ ಘಾಟಿಯಲ್ಲಿ, ಹಿಮದಿಂದ ಸೆಟೆದ ಬೆರಳುಗಳಿಂದ ಚಕ್ರದ ತಿರುಪನ್ನು ಬಿಚ್ಚಲಾರದೆ ಸ್ಪರ್ಧೆಯನ್ನು ಕಳೆದುಕೊಂಡ ತುಲ್ಲಿಯೋ ಕಾಂಪಾನ್ಯೋಲೋ, ಆ ಕೋಪದಿಂದಲೇ, ಒಂದು ಸನ್ನೆಯನ್ನು ಮಗುಚಿದ ಮಾತ್ರಕ್ಕೆ ಚಕ್ರ ಬಿಡುಗಡೆಯಾಗುವ ಉಪಾಯವನ್ನು ಕಂಡುಹಿಡಿದನೆಂಬ ಐತಿಹ್ಯವನ್ನು ಅವರು ಪುರಾಣಶ್ರವಣದಷ್ಟೇ ಶ್ರದ್ಧೆಯಿಂದ ಹೇಳುವರು. ಅಮೆರಿಕದ ಸ್ರಾಮ್ ಪಕ್ಷದವರು ಇವರಿಬ್ಬರನ್ನೂ ಸಮದೂರದಲ್ಲಿ ಇಟ್ಟಿರುತ್ತಾರೆ.

ಇನ್ನು ಅರ್ಧ ಕಿಲೋವಿನ ಪ್ರಸಂಗಕ್ಕೆ ಬರೋಣ. ಗೇರು, ಬ್ರೇಕು ಮೊದಲಾದವು ಸೇರಿದ 105ರ ವಿದ್ಯುಚ್ಚಾಲಿತ ಗ್ರೂಪ್‌ಸೆಟ್ಟನ್ನು ಬಿಟ್ಟು ಡ್ಯೂರಾ-ಏಸಿಗೆ ಏರಿದರೆ ಉಳಿಯುವ ತೂಕ ಸುಮಾರು ಅರ್ಧ ಕಿಲೋ. ಹೆಚ್ಚಿಗೆ ತೆರಬೇಕಾದ ಹಣ ಸುಮಾರು ಎರಡು ಲಕ್ಷ ರೂಪಾಯಿ. ನಮ್ಮ ಇಂಜಿನಿಯರು ಈ ಆರೋಹಣವನ್ನು ಮನಸ್ಸಿನಲ್ಲಿಯೇ ಮಾಡಿ ಮುಗಿಸಿದ್ದನು. ಕೈಯಿಂದ ಮಾಡುವುದಷ್ಟೇ ಉಳಿದಿತ್ತು.

“ಅರ್ಧ ಕಿಲೋ ಅಂದ್ರೆ ಕಡಿಮೆ ಅಲ್ಲ ಸಾರ್, ಏರಿನಲ್ಲಿ ಒಂದೊಂದು ಗ್ರಾಮೂ ಗೊತ್ತಾಗುತ್ತೆ,” ಎಂದನು.

ಭೌತಶಾಸ್ತ್ರದ ಮೇಷ್ಟರು ಕಾಫಿಯ ಲೋಟವನ್ನು ಕೆಳಗಿಟ್ಟು, ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದರು. ಸವಾರನೂ ಬೈಸಿಕಲ್ಲೂ ಸೇರಿ 80 ಕಿಲೋ ಎಂದು ಹಿಡಿದರೆ ಅರ್ಧ ಕಿಲೋ ಎಂಬುದು 160ರಲ್ಲಿ ಒಂದು ಪಾಲು. 40 ನಿಮಿಷದ ಏರಿನಲ್ಲಿ ಉಳಿಯುವುದು 15 ಸೆಕೆಂಡು. “ಸೆಕೆಂಡಿಗೆ ಹದಿಮೂರು ಸಾವಿರಕ್ಕೂ ಮೇಲೆ ಬಿತ್ತಲ್ಲಪ್ಪ! ಬುಡದಲ್ಲಿ ಅರ್ಧ ಲೀಟರು ನೀರು ಚೆಲ್ಲಿ ಹತ್ತು, ಇದೇ 15 ಸೆಕೆಂಡು ಪುಕ್ಕಟೆ ಸಿಗುತ್ತೆ. ಮೇಲೆ ಹೋಗಿ ತುಂಬಿಸಿಕೊಂಡರಾಯಿತು.”

ಇಂಜಿನಿಯರು ನಕ್ಕನು, ಒಪ್ಪಲಿಲ್ಲ. ಒಪ್ಪಬೇಕಾದುದೂ ಇಲ್ಲವೆಂದು ನನಗೆ ತೋರುವುದು. ತೂಕವನ್ನು ಕಳೆಯುವ ಈ ಗೀಳು ಅಂಗಡಿಯವರು ಹುಟ್ಟಿಸಿದುದಲ್ಲ. ಶ್ರೇಷ್ಠ ಸವಾರರ ವಂಶಪಾರಂಪರ್ಯವಾಗಿ ಬಂದುದು. 1972ರಲ್ಲಿ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಸಾಗಿ ದಾಖಲೆ ಸ್ಥಾಪಿಸಿದಾಗ, ಆತನಿಗೆ ಅರ್ನೆಸ್ತೋ ಕೊಲ್ನಾಗೋ ಕಟ್ಟಿಕೊಟ್ಟ ಬೈಸಿಕಲ್ಲಿನ ಹ್ಯಾಂಡಲ್ಲಿಗೂ ಚೈನಿಗೂ ಸಹ ರಂಧ್ರಗಳನ್ನು ಕೊರೆದು ಲೋಹವನ್ನು ತೆಗೆದಿದ್ದರು. ಅದೂ ಏರಿಳಿತವೇ ಇಲ್ಲದ ಟ್ರ್ಯಾಕಿನಲ್ಲಿ. ಈ ಉತ್ಸಾಹ ಎಲ್ಲಿಗೆ ಮುಟ್ಟೀತೆಂಬ ಭಯದಿಂದಲೋ ಏನೋ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದೀಚೆಗೆ ಸ್ಪರ್ಧೆಯ ಬೈಸಿಕಲ್ಲು 6.8 ಕಿಲೋಗಿಂತ ಕಡಮೆ ತೂಗಕೂಡದೆಂದು ಕಟ್ಟಳೆ ಮಾಡಿದೆ. ಭಾನುವಾರದ ಸವಾರರಾದ ನಮಗೆ ಆ ಕಟ್ಟಳೆ ಅನ್ವಯಿಸದಿರುವುದರಿಂದ, ಜಗತ್ತಿನ ಚಾಂಪಿಯನ್ನು ಏರಲಾಗದಷ್ಟು ಹಗುರವಾದ ಬೈಸಿಕಲ್ಲನ್ನು ನಮ್ಮ ದಂತವೈದ್ಯರು ಏರಿಯಾರು! ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಉಂಟು. 1947ರ ಟೂರ್ ದ ಫ್ರಾನ್ಸ್ ಗೆದ್ದ ಜಾನ್ ರೋಬಿಕ್ ತೀರ ಸಣ್ಣ ಆಳು. ಏರಿನಲ್ಲಿ ಹಕ್ಕಿ, ಇಳಿಜಾರಿನಲ್ಲಿ ಮಾತ್ರ ತೂಕ ಸಾಲದೆ ಹಿಂದೆ ಬೀಳುತ್ತಿದ್ದವನು. ಆತ ಮುಂದೊಮ್ಮೆ ಘಾಟಿಯ ತುದಿಯಲ್ಲಿ ಸೀಸ ತುಂಬಿದ ಬಾಟಲಿಯನ್ನು ತರಿಸಿಕೊಂಡು ಇಳಿದನಂತೆ. ತೂಕವನ್ನು ಹಣ ಕೊಟ್ಟು ಕಳೆಯುವವರ ಸಭೆಯಲ್ಲಿ ಈ ಕಥೆಯನ್ನು ಹೇಳಿ, ಸಭೆ ಕ್ಷಣಕಾಲ ಮೌನವಾಗುವುದನ್ನು ನೋಡುವುದು ನನ್ನ ಚಿಕ್ಕ ಸಂತೋಷಗಳಲ್ಲೊಂದು.

ನನ್ನ ಪಕ್ಷವನ್ನು ಮುಚ್ಚಿಡುವುದೇಕೆ? ನಾನು ಹಲ್ಲಿನ ಪಕ್ಷದವನು. ಮುಂದೆ 39, ಹಿಂದೆ 25 ಹಲ್ಲಿನ ಗೇರಿನಲ್ಲಿ ಪೆಡಲಿನ ಒಂದು ಸುತ್ತಿಗೆ ಬೈಸಿಕಲ್ಲು ಸುಮಾರು 3.3 ಮೀಟರು ಮುಂದುವರಿಯುವುದು. ಮುಂದೆ 34, ಹಿಂದೆ 32 ಆದರೆ ಸುಮಾರು 2.2 ಮೀಟರು. ಮೇಷ್ಟರ 40 ನಿಮಿಷದ ಏರಿನಲ್ಲಿ ಮೊದಲನೆಯದನ್ನು ನಿಮಿಷಕ್ಕೆ 60 ಬಾರಿ ಮೊಣಕಾಲು ನೋಯುವಂತೆ ಒದೆಯಬೇಕು, ಎರಡನೆಯದನ್ನು 90 ಬಾರಿ ಹಗುರವಾಗಿ ತಿರುಗಿಸಬಹುದು. ಶ್ರಮದ ಮೊತ್ತ ಅಷ್ಟೇ, ಕೀಲುಗಳ ಮೇಲೆ ಬೀಳುವ ಒತ್ತಡ ಮಾತ್ರ ಬೇರೆ. ಈ ಬದಲಾವಣೆಗೆ ತಗಲುವುದು ಲಕ್ಷಗಳಲ್ಲ, ಕೆಲವು ಸಾವಿರ. ಆದರೂ ತರುಣರು ಇದಕ್ಕೆ “ಮುದುಕರ ಗೇರು” ಎಂದು ಮೂಗು ಮುರಿಯುವರು.

ಈ ತಿರಸ್ಕಾರಕ್ಕೂ ಪೂರ್ವಜರಿದ್ದಾರೆ. ಟೂರ್ ದ ಫ್ರಾನ್ಸಿನ ಜನಕನಾದ ಆನ್ರಿ ದೆಗ್ರಾಂಜ್, ಬದಲಾಗುವ ಗೇರುಗಳು 45 ದಾಟಿದವರಿಗೆ ಮಾತ್ರ ತಕ್ಕವೆಂದು ಸಾರಿ, 1937ರ ವರೆಗೆ ತನ್ನ ಸ್ಪರ್ಧೆಯಲ್ಲಿ ಡಿರೇಲರು ತಲೆಹಾಕದಂತೆ ತಡೆದವನು. ಸವಾರರು ಘಾಟಿಯ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ, ಆ ಮಗ್ಗುಲಿನ ದೊಡ್ಡ ಹಲ್ಲುಗಾಲಿಗೆ ಚೈನನ್ನು ಏರಿಸಿಕೊಂಡು ಹತ್ತುತ್ತಿದ್ದ ಕಾಲ ಅದು. ಆತನಿಗೆ ಪ್ರತಿವಾದಿಯಾಗಿ ನಿಂತವನು ಸೇಂತ್ ಎತ್ಯೆನ್ನಿನ ಪಾಲ್ ದ ವಿವಿ. ವೆಲೋಸಿಯೋ ಎಂಬ ಕಾವ್ಯನಾಮದಿಂದ ಬರೆಯುತ್ತಿದ್ದ ಸಸ್ಯಾಹಾರಿ, ಪತ್ರಿಕಾಕರ್ತ, ಗೇರುಗಳ ಪ್ರವರ್ತಕ. 1902ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬು ಗುಡ್ಡಗಾಡಿನಲ್ಲಿ ಏರ್ಪಡಿಸಿದ ಪರೀಕ್ಷೆಯಲ್ಲಿ ಮೂರು ಗೇರಿನ ಬೈಸಿಕಲ್ಲನ್ನೇರಿದ ಮಾರ್ಥ್ ಹೆಸ್ ಎಂಬ ಮಹಿಳೆ, ಒಂದೇ ಗೇರಿನ ಮೇಲೆ ಬಂದ ಚಾಂಪಿಯನ್ ಫಿಷರನನ್ನು ಮೀರಿಸಿ, ನೆಲಕ್ಕೆ ಕಾಲಿಡದೆ ದಾರಿಯನ್ನು ಮುಗಿಸಿದಳೆಂದು ಆ ಕಾಲದ ವರದಿ. ದೆಗ್ರಾಂಜನು ಆಗಲೂ ಒಪ್ಪಲಿಲ್ಲ. ನಮ್ಮ ಇಂಜಿನಿಯರನ್ನು ದೂರಿ ಫಲವೇನು?

ಬೆಲೆಯ ಮಾತಿನಲ್ಲಿ ನಮಗೆ ವಿನೋದವಾಗಿರುವುದು ಎಲ್ಲರಿಗೂ ವಿನೋದವಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಕಡೆಯ ಹುಡುಗ ಹುಡುಗಿಯರು, ಬಹುಮಟ್ಟಿಗೆ ರೈತರ ಮಕ್ಕಳು, ಕಪ್ಪುಮಣ್ಣಿನ ಬಯಲಿನಲ್ಲಿ ಎದುರುಗಾಳಿಗೆ ತಲೆಬಾಗಿಸಿ ತುಳಿದು ರಾಷ್ಟ್ರಮಟ್ಟದ ಪದಕಗಳನ್ನು ತಂದವರು. ಹತ್ತು ಲಕ್ಷಕ್ಕೂ ಮೀರಿದ ಬೈಸಿಕಲ್ಲು ಅವರ ಸ್ಪರ್ಧಿಗಳ ಕೈಯಲ್ಲಿರುವಾಗ ಅದರ ಬೆಲೆ ಅವರಿಗೆ ಕಾಫಿಯ ಜೊತೆಗಿನ ಹರಟೆಯಲ್ಲ. ಅಲ್ಲಿ ಆ 15 ಸೆಕೆಂಡು ನಿಜವಾಗಿಯೂ ಪದಕ. ಅದನ್ನು ಕೊಡಿಸಬೇಕಾದವರು ಕೊಡಿಸಲಿ.

ನಮ್ಮಂಥವರ ಮಟ್ಟಿಗೆ ಡ್ಯೂರಾ-ಏಸ್ ಸುಂದರ ವಸ್ತು. ಅದರ ಗೇರು ಬದಲಾಗುವಾಗಿನ ಮೃದುತ್ವವನ್ನು ಬೆರಳ ತುದಿಯಲ್ಲಿ ಒಮ್ಮೆ ಅನುಭವಿಸಿದವನು ಅದನ್ನು ಬಯಸಿದರೆ ತಪ್ಪೆಣಿಸಲಾರೆ. ಆದರೆ ಶನಿವಾರ ಸಂಜೆ ಚೈನನ್ನು ಬಟ್ಟೆಯಿಂದ ಒರಸಿ, ಒಂದೊಂದು ಕೊಂಡಿಗೂ ಒಂದೊಂದು ತೊಟ್ಟು ಎಣ್ಣೆ ಬಿಟ್ಟು, ಹಿಂದಿನ ಚಕ್ರವನ್ನು ಎತ್ತಿ ತಿರುಗಿಸಿ, ಫ್ರೀಹಬ್ಬಿನ ಟಿಕಟಿಕ ಸದ್ದು ಸಮವಾಗಿದೆಯೇ ಎಂದು ಕಿವಿಗೊಡುವ ಸುಖಕ್ಕೆ ಸೋರಾ ಆದರೂ ಸಾಕು. ಆದುದರಿಂದ ಈ ವರ್ಷ ಬೈಸಿಕಲ್ಲು ಕೊಳ್ಳಲಿರುವ ಓದುಗರು ತೂಕವನ್ನು ಕೇಳುವುದಕ್ಕೆ ಮುಂಚೆ ಹಿಂಬದಿಯ ದೊಡ್ಡ ಹಲ್ಲುಗಾಲಿಗೆ ಎಷ್ಟು ಹಲ್ಲೆಂದು ಅಂಗಡಿಯವನನ್ನು ಕೇಳಿ, 32ಕ್ಕೆ ಕಡಮೆಯಾದರೆ ದುಡ್ಡು ಕೊಡುವ ಮೊದಲೇ ಬದಲಾಯಿಸಿಕೊಳ್ಳಬೇಕೆಂದು ಬಿನ್ನವಿಸುತ್ತೇನೆ.