ಬಾಯಿಂದ ಎಳೆದು ನೋಡುತ್ತಿದ್ದ ಉಸ್ತಾದರು

ಯಾದಗಿರಿ, ಶಹಾಪುರ, ಸುರಪುರಗಳ ಹಳೇ ಗ್ಯಾರೇಜುಗಳಲ್ಲಿ ಕಾರಿನ ರೋಗ ಹಿಡಿಯಲು ಮೀಟರು, ಮಷೀನು ಏನೂ ಇರಲಿಲ್ಲ. ‘ಗಾಡಿ ಎಳೀವಲ್ದು, ಪೆಟ್ರೋಲ್ ಭಾಳ ಕುಡೀಲಿಕತ್ತದ’ ಎಂದು ಯಾರಾದರೂ ಅಂಬಾಸಿಡರ್ ತಂದು ನಿಲ್ಲಿಸಿದರೆ, ಉಸ್ತಾದರು ಬಾನೆಟ್ ಎತ್ತಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚುತ್ತಿದ್ದರು. ಅದರ ಪಕ್ಕದ ತಟ್ಟೆಯಾಕಾರದ ಡಬ್ಬಿಯಿಂದ ಕಾರ್ಬುರೇಟರಿಗೆ ಹೋಗುವ ಸಣ್ಣ ಪೈಪನ್ನು ಕಿತ್ತು, ಲುಂಗಿಗೆ ಒರೆಸಿ, ತುದಿಯನ್ನು ಬಾಯಲ್ಲಿಟ್ಟು ಜೋರಾಗಿ ಎಳೆಯುತ್ತಿದ್ದರು. ಒಳಗಿನ ಪಾಯಿಂಟ್ ಪ್ಲೇಟು ತುಸು ಸರಿಯಬೇಕು. ಪೈಪಿಗೆ ನಾಲಿಗೆ ಒತ್ತಿ ಹಿಡಿದರೆ ಸರಿದಲ್ಲೇ ನಿಲ್ಲಬೇಕು. ನಿಲ್ಲದೆ ಹಿಂದಕ್ಕೆ ಬಂತೋ, ‘ಗೌಡ್ರ, ಡಯಾಫ್ರಮ್ ಹರದದ ನೋಡ್ರಿ’ ಎಂದು ತೀರ್ಪು ಬರುತ್ತಿತ್ತು.

ಸುತ್ತ ನಿಂತ ನಮ್ಮಂಥ ಹುಡುಗರಿಗೆ ಅದೊಂದು ತಮಾಷೆ. ಅದರ ಹಿಂದಿನ ಲೆಕ್ಕ ತಿಳಿದದ್ದು ಬಹಳ ತಡವಾಗಿ.

ಯಾದಗಿರಿ ಬಿಟ್ಟು ಭೀಮಾ ಸೇತುವೆ ದಾಟಿದರೆ ಶಹಾಪುರದ ಕಡೆಗೆ ಹೆಚ್ಚುಕಡಿಮೆ ಸಪಾಟು ರಸ್ತೆ. 1489 ಸಿಸಿಯ ಪೆಟ್ರೋಲ್ ಎಂಜಿನ್ನಿನ ಅಂಬಾಸಿಡರಿಗೆ ಅಲ್ಲಿ ಎಕ್ಸಲರೇಟರ್ ಮೇಲೆ ಕಾಲು ಹಗುರಾಗಿದ್ದರೆ ಸಾಕು. ಕಾರ್ಬುರೇಟರಿನ ಬಾಗಿಲು ಅರೆಬರೆ ತೆರೆದಿರುತ್ತದೆ, ಎಂಜಿನ್ ಮಾತ್ರ ಗಾಳಿಗಾಗಿ ಎಳೆಯುತ್ತಲೇ ಇರುತ್ತದೆ. ಹಾಗಾಗಿ ಸಿಲಿಂಡರಿಗೆ ಮಿಶ್ರಣ ಒಯ್ಯುವ ಮ್ಯಾನಿಫೋಲ್ಡಿನಲ್ಲಿ ನಿರ್ವಾತ ಜೋರಾಗುತ್ತದೆ. ಸಿಲಿಂಡರಿಗೆ ಹೋಗುವ ಮಿಶ್ರಣ ಕಡಿಮೆ, ವಿರಳ; ಅದು ಹೊತ್ತಿ ಉರಿಯುವುದೂ ನಿಧಾನ. ಪಿಸ್ಟನ್ನಿಗೆ ಸರಿಯಾದ ಗಳಿಗೆಯಲ್ಲಿ ಪೆಟ್ಟು ಬೀಳಬೇಕಾದರೆ ಕಿಡಿ ಸ್ವಲ್ಪ ಮೊದಲೇ ಹಾರಬೇಕು. ಆ ನಿರ್ವಾತವೇ ಸಣ್ಣ ಪೈಪಿನ ಮೂಲಕ ಡಬ್ಬಿಯೊಳಗಿನ ಡಯಾಫ್ರಮ್ಮನ್ನು ಎಳೆದು, ಪ್ಲೇಟನ್ನು ತಿರುಗಿಸಿ, ಕಿಡಿಯನ್ನು ಮುಂದಕ್ಕೆ ತರುತ್ತಿತ್ತು. ಅದೇ ಕಾರು ಸುರಪುರದ ಗುಡ್ಡ ಏರುವಾಗ, ಟೇಲರ್ ಮಂಜಿಲ್ ಬಂಗಲೆಯ ಕಡೆಗೆ ಹೊರಳುವಾಗ, ಡ್ರೈವರು ಕಾಲನ್ನು ಪೂರ್ತಿ ಒತ್ತುತ್ತಾನೆ. ಬಾಗಿಲು ತೆರೆಯುತ್ತದೆ, ನಿರ್ವಾತ ಇಳಿಯುತ್ತದೆ, ಸ್ಪ್ರಿಂಗು ಪ್ಲೇಟನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗದಿದ್ದರೆ ಎಂಜಿನ್ನಿನೊಳಗೆ ಟಣಟಣ ಶುರು. ವೇಗ ಹೆಚ್ಚಾದಂತೆ ಕಿಡಿಯನ್ನು ಇನ್ನಷ್ಟು ಮೊದಲೇ ಹಾರಿಸಲು ಒಳಗೆ ಎರಡು ತೂಕದ ತುಂಡುಗಳು ಬೇರೆ ಇದ್ದವು. ಆದರೆ ಎಂಜಿನ್ನಿನ ಮೇಲೆ ಭಾರ ಎಷ್ಟಿದೆಯೆಂದು ಅರಿಯುತ್ತಿದ್ದದ್ದು ಈ ಡಬ್ಬಿಯೇ.

ಕೃಷ್ಣಾ ಮೇಲ್ದಂಡೆ ಯೋಜನೆಯ ಕ್ಯಾಂಪು ಭೀಮರಾಯನಗುಡಿಯಲ್ಲಿ ಸಾಹೇಬರ ಕಾರುಗಳಿಂದ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಈ ವಿದ್ಯೆಗೆ ಬೆಲೆಯಿತ್ತು. ಆಮೇಲೆ ಅಂಬಾಸಿಡರಿಗೇ ಡೀಸೆಲ್ ಎಂಜಿನ್ ಬಂತು. ಅದಕ್ಕೆ ಕಿಡಿಯೇ ಬೇಡ. 2000ದ ಆಸುಪಾಸಿನಲ್ಲಿ ಪದ್ಮಿನಿ ಕಾರು ನಿಂತಿತು, ಮಾರುತಿಗೂ ಕಾರ್ಬುರೇಟರ್ ಬದಲು ಎಂಪಿಎಫ್‌ಐ ಬಂತು. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಗುವ ಹೊತ್ತಿಗೆ ಸಾಹೇಬರ ಮನೆ ಮುಂದೆ ಬೊಲೆರೊಗಳು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರನ್ನೇ ಕೈಬಿಟ್ಟಿತು.

ಹೊಸ ಕಾರಿನಲ್ಲೂ ಆ ನಿರ್ವಾತ ಇದ್ದೇ ಇದೆ. ಈಗ ಸೆನ್ಸರು ಅದನ್ನು ಅಳೆಯುತ್ತದೆ, ಕಂಪ್ಯೂಟರು ಕಿಡಿಯ ಗಳಿಗೆ ನಿರ್ಧರಿಸುತ್ತದೆ. ಉಸ್ತಾದರ ಕಿವಿಗಿಂತ ಕರಾರುವಾಕ್ಕು, ಹೊಗೆಯೂ ಕಡಿಮೆ. ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಮೊದಲು ಈ ಮರ್ಮ ಬಾನೆಟ್ಟಿನ ಕೆಳಗೆ ಬಯಲಾಗಿತ್ತು. ಚಹಾ ತರಲು ಬಂದ ಹುಡುಗ ಪಾನಾ ಹಿಡಿದು, ಪಾಯಿಂಟ್ ಉಜ್ಜಿ, ಪೈಪ್ ಎಳೆದು ನೋಡಿ, ಶಾಲೆಯ ಮೆಟ್ಟಿಲು ಹತ್ತದೆಯೂ ಎಂಜಿನ್ ಹೀಗೇಕೆ ಮಾಡುತ್ತದೆ ಎಂಬುದನ್ನು ಬಲ್ಲವನಾಗುತ್ತಿದ್ದ. ಇಂದಿನ ಹುಡುಗನಿಗೆ ಸ್ಕ್ಯಾನರು ಒಂದು ಕೋಡ್ ತೋರಿಸುತ್ತದೆ. ಅವನು ಪಾರ್ಟು ಬದಲಿಸುತ್ತಾನೆ. ಏಕೆ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಉಳಿದ ಒಂದೆರಡು ಹಳೇ ಕಾರುಗಳಲ್ಲಿ ಈಗ ಆ ಪೈಪ್ ಕಿತ್ತು, ತೂತಿಗೆ ಸ್ಕ್ರೂ ಬಿಗಿದಿರುತ್ತದೆ. ಡಬ್ಬಿ ಸಿಗುವುದಿಲ್ಲ. ಕೇಳಿದರೆ ‘ಗಾಡಿ ಓಡ್ತದಲ್ರಿ, ಸಾಕು ಬಿಡ್ರಿ’ ಎಂಬ ಉತ್ತರ. ಓಡುತ್ತದೆ, ನಿಜ, ಸಪಾಟು ರಸ್ತೆಯಲ್ಲೂ ಮಂಕಾಗಿ, ಪೆಟ್ರೋಲು ಹೆಚ್ಚು ಕುಡಿಯುತ್ತ. ಕೈ ನಡುಗಿದರೂ ಕಿವಿ ಚುರುಕಾಗಿರುವ ಉಸ್ತಾದರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಐಟಿಐ ಹುಡುಗರ ಮುಂದೆ ಅವರನ್ನು ಕೂರಿಸಿ, ಒಂದು ಹಳೇ ಡಿಸ್ಟ್ರಿಬ್ಯೂಟರ್ ಬಿಚ್ಚಿಸಬೇಕು. ಅವರು ಹೋದಮೇಲೆ ಸನ್ಮಾನ ಮಾಡಿ ಪ್ರಯೋಜನವಿಲ್ಲ.